ಶಿಕಾಗೊ ಏರ್ ಶೋಗೆ ಅಪ್ಪನನ್ನು ಕರ್ಕೊಂಡು ಹೋಗಬಹುದಾ? ಮಂಡಿನೋವಿದೆ, ಎಚ್‌ಎಎಲ್‌ನಲ್ಲಿ ಇದ್ದವರು

ವಿಮಾನಪುರದ ಮಗಳು

ಎಲ್ಲರಿಗೂ ನಮಸ್ಕಾರ. ನಾವಿರೋದು ಶಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿ. ಅಪ್ಪ ಅಮ್ಮ ಜೂನ್‌ನಲ್ಲಿ ಬೆಂಗಳೂರಿನಿಂದ ಬಂದಿದ್ದಾರೆ, ಸೆಪ್ಟೆಂಬರ್ ಕೊನೆಗೆ ವಾಪಸ್ ಹೊರಡ್ತಾರೆ. ಅಪ್ಪನಿಗೆ 75. ಎಚ್‌ಎಎಲ್‌ನಲ್ಲಿ ಶೀಟ್ ಮೆಟಲ್ ಫಿಟ್ಟರ್ ಆಗಿದ್ದವರು, ಎಂಬತ್ತರ ದಶಕದಲ್ಲಿ ಕಿರಣ್ ಅನ್ನೋ ತರಬೇತಿ ಜೆಟ್ ವಿಮಾನದ ಕೆಲಸ ಮಾಡಿದ್ದಾರೆ. ಇಲ್ಲಿಗೆ ಬಂದ ಮೇಲೆ ಬಾಲ್ಕನಿಯಲ್ಲಿ ಕೂತು ಓಹೇರ್‌ಗೆ ಇಳಿಯೋ ವಿಮಾನಗಳನ್ನ ಎಣಿಸೋದೇ ಅವರ ದಿನಚರಿ.

ಆಗಸ್ಟ್‌ನಲ್ಲಿ ಮಿಶಿಗನ್ ಸರೋವರದ ದಡದಲ್ಲಿ ನಡೆಯೋ ಏರ್ ಅಂಡ್ ವಾಟರ್ ಶೋಗೆ ಅವರನ್ನ ಕರ್ಕೊಂಡು ಹೋಗಬೇಕು ಅಂತ ಆಸೆ. ಇಲ್ಲಿಗೆ ಬಂದು ಎಂಟು ವರ್ಷ ಆಯ್ತು, ನಾನೇ ಒಮ್ಮೆಯೂ ಹೋಗಿಲ್ಲ. ಟಿಕೆಟ್ ಇಲ್ಲ, ಪೂರ್ತಿ ಉಚಿತ ಅಂತ ಗೊತ್ತು. ಜನ ಲಕ್ಷಗಟ್ಟಲೆ ಸೇರ್ತಾರೆ ಅನ್ನೋದೂ ಗೊತ್ತು. ಅಪ್ಪನಿಗೆ ಎರಡೂ ಮಂಡಿ ನೋವು, ಒಂದು ಕಿಲೋಮೀಟರ್ ಮೇಲೆ ನಡೆಯೋಕಾಗಲ್ಲ. ಜೊತೆಗೆ ನಾಲ್ಕು ವರ್ಷದ ಮಗ ಇದ್ದಾನೆ. ಎಲ್ಲಿ ಕೂರಬೇಕು, ಹೇಗೆ ಹೋಗಬೇಕು, ಹೋಗಿ ಬಂದವರು ದಯವಿಟ್ಟು ಹೇಳಿ.

ಅಮ್ಮನಿಗೆ ಬೇರೆ ಭಯ. 2019ರಲ್ಲಿ ಯಲಹಂಕದ ಏರೋ ಇಂಡಿಯಾ ಸಮಯದಲ್ಲಿ ಅಭ್ಯಾಸದ ಹಾರಾಟದಲ್ಲೇ ನಮ್ಮ ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣ್‌ನ ಎರಡು ವಿಮಾನ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರಲ್ಲ, ನಾಲ್ಕು ದಿನ ಬಿಟ್ಟು ಪಾರ್ಕಿಂಗ್‌ನಲ್ಲಿ ಸುಮಾರು 300 ಕಾರು ಸುಟ್ಟುಹೋದವು. ಆ ಹೊಗೆಯನ್ನ ಟಿವಿಯಲ್ಲಿ ನೋಡಿದ್ದು ಅವರ ಮನಸ್ಸಿನಿಂದ ಹೋಗಿಲ್ಲ. "ಬೇಡ ಕಣೇ, ಮನೆಯಲ್ಲೇ ನೋಡಲಿ" ಅಂತಾರೆ.

ಹಳೇ ಶಿಕಾಗೊ

ಖಂಡಿತ ಕರ್ಕೊಂಡು ಹೋಗಿ. ಆದರೆ ಶನಿವಾರ, ಭಾನುವಾರ ಬೇಡ, ಶುಕ್ರವಾರ ಹೋಗಿ.

ಶುಕ್ರವಾರ ಅಭ್ಯಾಸದ ದಿನ. ಮುಖ್ಯ ತಂಡಗಳು ಶೋ ಹೇಗೆ ಮಾಡ್ತಾವೋ ಹೆಚ್ಚು ಕಡಿಮೆ ಹಾಗೇ ಹಾರಿ ನೋಡ್ತಾವೆ. ಜನ ಮಾತ್ರ ತುಂಬಾ ಕಡಿಮೆ. 20 ವರ್ಷದಲ್ಲಿ ನಾನು ಶನಿವಾರ ಹೋದದ್ದು ಮೂರೇ ಸಲ, ಶುಕ್ರವಾರದ್ದು ಲೆಕ್ಕವೇ ಇಲ್ಲ.

ಜಾಗದ ಬಗ್ಗೆ. ಶೋ ನಡೆಯೋ ನಡುಭಾಗ ನಾರ್ತ್ ಅವೆನ್ಯೂ ಬೀಚ್, ನೀಲಿ ಬಿಳಿ ಹಡಗಿನ ಆಕಾರದ ಕಟ್ಟಡ ಇದೆಯಲ್ಲ, ಅದೇ. ಉತ್ತರಕ್ಕೆ ಫುಲ್ಲರ್ಟನ್‌ನಿಂದ ದಕ್ಷಿಣಕ್ಕೆ ಓಕ್ ಸ್ಟ್ರೀಟ್ ತನಕ ದಡದುದ್ದಕ್ಕೂ ಜನ ಕೂರ್ತಾರೆ. ಧ್ವನಿವರ್ಧಕದಲ್ಲಿ ವಿವರಣೆ ಚೆನ್ನಾಗಿ ಕೇಳೋದು ನಾರ್ತ್ ಅವೆನ್ಯೂ ಹತ್ತಿರ. ಆದರೆ ಅಲ್ಲಿ ನೆರಳಿಲ್ಲ, ಮರಳಿನಲ್ಲಿ ಮಂಡಿನೋವಿನವರು ನಡೆಯೋದು ಕಷ್ಟ. ವಾರಾಂತ್ಯದಲ್ಲಿ ಜಾಗ ತುಂಬಿದ ಮೇಲೆ ಬೀಚಿಗೆ ಬಿಡೋದನ್ನೇ ನಿಲ್ಲಿಸ್ತಾರೆ.

ನಿಮ್ಮ ತಂದೆಯವರಿಗೆ ಓಲಿವ್ ಪಾರ್ಕ್ ಸರಿ. ನೇವಿ ಪಿಯರ್ ಪಕ್ಕದಲ್ಲೇ ಇದೆ, ಹುಲ್ಲು, ಮರ, ಸಮತಟ್ಟಾದ ದಾರಿ. ಶೌಚಾಲಯ ಬೇಕಾದರೆ ಪಿಯರ್‌ಗೆ ಹೋಗಿ ಬರಬಹುದು. ನಡುಭಾಗದ ಕಸರತ್ತು ಸ್ವಲ್ಪ ದೂರದಲ್ಲಿ ಕಾಣುತ್ತೆ ನಿಜ, ಆದರೆ ವಿಮಾನಗಳು ತಿರುವು ತಗೊಂಡು ಬರುವಾಗ ಇಲ್ಲಿ ಹತ್ತಿರವೇ ಹಾಯ್ತವೆ.

ಕಾರು ಮಾತ್ರ ಬೇಡ. ನೇಪರ್‌ವಿಲ್‌ನಿಂದ ಬಿಎನ್‌ಎಸ್‌ಎಫ್ ರೈಲು ಹಿಡಿದು ಯೂನಿಯನ್ ಸ್ಟೇಷನ್, ಅಲ್ಲಿಂದ ನೇವಿ ಪಿಯರ್‌ಗೆ 124 ನಂಬರ್ ಬಸ್ಸು. ನಾರ್ತ್ ಅವೆನ್ಯೂ ಕಡೆಗೇ ಹೋಗಬೇಕು ಅನ್ನಿಸಿದರೆ ಅದೇ ಸ್ಟೇಷನ್‌ನಿಂದ ಲಿಂಕನ್ ಪಾರ್ಕ್‌ಗೆ 151 ಹೋಗುತ್ತೆ. ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೋಗೋರ ರೈಲುಗಳು ಬೇಕಾದಷ್ಟಿರ್ತಾವೆ, ಅದೂ ಒಂದು ಅನುಕೂಲ.

ಶಾಂಬರ್ಗ್ ಅಮ್ಮ

ನಾಲ್ಕು ವರ್ಷದ ಮಗು ಅಂದ್ರಲ್ಲ, ಕಿವಿಗೆ ಹಾಕೋ ಇಯರ್ ಮಫ್ ಮರೀಬೇಡಿ ಪ್ಲೀಸ್. ನನ್ನ ಮಗಳಿಗೆ ಜೋರು ಸದ್ದು ಆಗಲ್ಲ. ನಾವು ಹೋದ ವರ್ಷ ಮೊದಲ ಜೆಟ್ ಬಂದಾಗಲೇ ಅವಳು ನೆಲದ ಮೇಲೆ ಮುದುಡಿ ಕೂತುಬಿಟ್ಟಳು. ಕಿವಿ ಮುಚ್ಚಿಕೊಂಡರೂ ಆ ಸದ್ದು ಎದೆಯಲ್ಲಿ ನಡುಗುತ್ತೆ. ಹಿಂದಿನ ದಿನವೇ ವಿಡಿಯೊ ತೋರಿಸಿ, "ಹೀಗೆ ಸದ್ದು ಬರುತ್ತೆ, ಬಂದು ಹೋಗಿಬಿಡುತ್ತೆ" ಅಂತ ಹೇಳಿ ಅಭ್ಯಾಸ ಮಾಡಿಸಿ. ನಾವು ಅದನ್ನ ಮಾಡದೆ ತಪ್ಪು ಮಾಡಿದ್ವಿ.

ರೆಕ್ಕೆ ಲೆಕ್ಕ

ನಿಮ್ಮ ತಾಯಿಯವರ ಭಯ ಅರ್ಥವಾಗುತ್ತೆ. ಏರೋಸ್ಪೇಸ್‌ನಲ್ಲಿ ಕೆಲಸ ಮಾಡೋನಾಗಿ ಅಪಾಯವೇ ಇಲ್ಲ ಅಂತ ನಾನು ಹೇಳಲ್ಲ. 2015ರಲ್ಲಿ ಇದೇ ಶಿಕಾಗೊ ಶೋನಲ್ಲಿ ಇಬ್ಬರು ಪ್ಯಾರಾಶೂಟ್ ಯೋಧರು ಗಾಳಿಯಲ್ಲಿ ಡಿಕ್ಕಿಯಾಗಿ, ಸೇನೆಯ ಗೋಲ್ಡನ್ ನೈಟ್ಸ್ ತಂಡದವರೊಬ್ಬರು ತೀರಿಕೊಂಡರು. ಹಾರೋರು ಅಪಾಯ ಗೊತ್ತಿದ್ದೇ ಹಾರ್ತಾರೆ.

ಆದರೆ ನೋಡೋರ ರಕ್ಷಣೆಗೆ ಇಲ್ಲಿ ಕಟ್ಟುನಿಟ್ಟಾದ ಗೆರೆ ಇದೆ. ವೇಗದ ಜೆಟ್‌ಗಳು ಕಸರತ್ತು ಮಾಡುವಾಗ ಜನರಿಂದ ಕನಿಷ್ಠ 1,500 ಅಡಿ ದೂರದಲ್ಲಿರಬೇಕು, ಅಂದರೆ ಸುಮಾರು 450 ಮೀಟರ್. ಜನರ ಕಡೆಗೆ ಮೂತಿ ಮಾಡಿ ಕಸರತ್ತು ಮಾಡೋ ಹಾಗಿಲ್ಲ. ಕಸರತ್ತಿನ ಜಾಗದ ಕೆಳಗೆ ಪ್ರೇಕ್ಷಕರು ಇರೋ ಹಾಗಿಲ್ಲ. ಇಷ್ಟು ದೊಡ್ಡ ಊರಿನ ನಟ್ಟನಡುವೆ ಇದು ಸಾಧ್ಯವಾಗಿರೋದೇ ಸರೋವರದಿಂದ. ದಡದಾಚೆ ಬರೀ ನೀರು, ಅಷ್ಟು ದೊಡ್ಡ ಖಾಲಿ ಜಾಗ ಬೇರೆಲ್ಲೂ ಸಿಗಲ್ಲ. ಟಿಕೆಟ್ ಇಡದಿರೋಕೂ ಒಂದು ರೀತಿ ಅದೇ ಕಾರಣ ಅಂತ ನನಗೆ ಅನ್ನಿಸುತ್ತೆ. ಮೈಲಿಗಟ್ಟಲೆ ದಡಕ್ಕೆ ಯಾರು ಬೇಲಿ ಹಾಕ್ತಾರೆ?

ಇನ್ನೊಂದು. ಅಲ್ಲಿ ಮುಖ ಮಾಡಿ ಕೂರೋದು ಪೂರ್ವಕ್ಕೆ. ಬೆಳಿಗ್ಗೆ ಬಿಸಿಲು ಕಣ್ಣಿಗೇ ಹೊಡೆಯುತ್ತೆ. ಮಧ್ಯಾಹ್ನ ಕಳೆದ ಮೇಲೆ ಸೂರ್ಯ ಬೆನ್ನಿಗೆ ಹೋಗ್ತಾನೆ, ಆಗ ವಿಮಾನದ ಮೈಮೇಲೆ ಬೆಳಕು ಬಿದ್ದು ಬಣ್ಣ ಎದ್ದು ಕಾಣುತ್ತೆ. ಅಮೆರಿಕದ ನೌಕಾಪಡೆಯ ತಂಡ ಬ್ಲೂ ಏಂಜೆಲ್ಸ್ ಆಗಲಿ ವಾಯುಪಡೆಯ ತಂಡ ಥಂಡರ್‌ಬರ್ಡ್ಸ್ ಆಗಲಿ ಸಾಮಾನ್ಯವಾಗಿ ಕೊನೆಗೇ ಬರೋದು. ಹಾಗಾಗಿ ಹಿರಿಯರನ್ನ ಬೆಳಿಗ್ಗೆ ಎಂಟಕ್ಕೇ ಒಯ್ದು ಕೂರಿಸಿ ಸುಸ್ತು ಮಾಡಬೇಡಿ.

ಬೀದರ್ ಮಾಳಿಗಿ

ಅಕ್ಕಾರ, ಕಿರಣ್ ವಿಮಾನ ಅಂತ ಓದಿದ ಕೂಡಲೇ ಮೈ ಜುಮ್ ಅಂತು. ನಾವು ಬೀದರಿನವ್ರು ರೀ. ಕಿರಣ್ ಹಾರಸ್ತಿದ್ದ ಸೂರ್ಯಕಿರಣ್ ತಂಡ 1996ರಾಗ ಹುಟ್ಟಿದ್ದ ನಮ್ಮೂರಾಗ. ಸಾಲಿ ಬಿಟ್ಟು ಬಂದು ಮಾಳಿಗಿ ಮ್ಯಾಲ ಹತ್ತಿದ್ರ ಸಾಕು, ಕೆಂಪು ಬಿಳಿ ವಿಮಾನ ಒಂಬತ್ತೂ ಒಂದ ಹಕ್ಕಿ ಹಂಗ ಕ್ವಾಟಿ ಮ್ಯಾಲ ತಿರಗ್ತಿದ್ವು. ಟಿಕೀಟ ಇಲ್ಲ, ಜನರ ಗದ್ಲ ಇಲ್ಲ. ನಮ್ಮವ್ವ ಹಪ್ಪಳ ಒಣಾ ಹಾಕ್ತಿದ್ಲು, ನಾವು ತಲಿ ಎತ್ತಿ ನೋಡ್ತಿದ್ವಿ.

2009ರ ಜನವರಿಯಾಗ ನಮ್ಮೂರ ಹತ್ರನ ಒಂದು ವಿಮಾನ ಬಿದ್ದು ಪೈಲಟ್ ಹೋದ್ರು. ಆವತ್ತು ಇಡೀ ಓಣಿ ಸುಮ್ಮನಾಗಿತ್ತು. ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ, ಆದ್ರ ಮನಿ ಮಂದಿನ ಹೋದಂಗ ಆಗಿತ್ತು. 2011ರಾಗ ಕಿರಣ್ ನಿಂತ್ವು. ಮುಂದ ಕೆಲವು ವರ್ಷಕ್ಕ ಹಾಕ್ ವಿಮಾನ ತಗೊಂಡು ತಂಡ ಮತ್ತ ಕಟ್ಯಾರ. ಅವೂ ಬೆಂಗಳೂರಾಗ ಎಚ್‌ಎಎಲ್‌ದವ್ರ ಕಟ್ಟಿದ್ದು.

ನಿಮ್ಮ ಅಪ್ಪಾರು ಕಿರಣ್ ಮಾರ್ಕ್ 2 ಮ್ಯಾಲ ಕೆಲಸ ಮಾಡಿದ್ರೇನ್ರೀ? ನಮ್ಮ ಬೀದರಿಗೆ ಬಂದಿದ್ದು ಮಾರ್ಕ್ 2.

ವಿಮಾನಪುರದ ಮಗಳು

ಕೇಳಿದೆ. "ಮಾರ್ಕ್ 1ಎ ಸ್ವಲ್ಪ, ಮಾರ್ಕ್ 2 ಪೂರ್ತಿ" ಅಂದರು. ಕಿರಣ್ ಮೊದಲು ಹಾರಿದ್ದು 1964ರಲ್ಲಿ, ಆಗ ಅವರಿನ್ನೂ ಸ್ಕೂಲು ಹುಡುಗ. ಮಾರ್ಕ್ 2ಕ್ಕೆ ಆರ್ಫಿಯಸ್ ಎಂಜಿನ್ ಅಂತ ಶುರು ಮಾಡಿದವರು ಅರ್ಧ ಗಂಟೆ ನಿಲ್ಲಿಸಲಿಲ್ಲ. ಬೀದರಿನವರು ಬರೆದದ್ದನ್ನ ಓದಿ ಹೇಳಿದಾಗ ಮಾತ್ರ ಏನೂ ಮಾತಾಡದೆ ಎದ್ದು ಒಳಗೆ ಹೋದರು.

ಅಮ್ಮ 1,500 ಅಡಿ ಲೆಕ್ಕ ಕೇಳಿ ಒಪ್ಪಿದ್ದಾರೆ. "ನಾನೂ ಬರ್ತೀನಿ" ಅಂದರು.

ಲೇಕ್‌ವ್ಯೂ ಬಾಡಿಗೆ

ಇಲ್ಲಿ ಎಲ್ಲರೂ ಖುಷಿಯಾಗಿರುವಾಗ ಬೇರೆ ಮಾತು ಹೇಳ್ತಿದ್ದೀನಿ, ಬೇಸರ ಮಾಡ್ಕೋಬೇಡಿ. ನಾನಿರೋದು ಸರೋವರದಿಂದ ನಾಲ್ಕು ಬೀದಿ ಈಚೆ. ಆ ಮೂರು ದಿನ ಕಿಟಕಿ ಗಾಜು ಅದುರುತ್ತೆ. ನಮ್ಮ ಕೆಳಗಿನ ಮನೆಯ ಅಜ್ಜಿ ಯುದ್ಧ ನಡೆದ ನಾಡಿನಿಂದ ಬಂದವರು. ಜೆಟ್ ಬಂದಾಗೆಲ್ಲ ಬಚ್ಚಲು ಮನೆಗೆ ಹೋಗಿ ಬಾಗಿಲು ಹಾಕ್ಕೋತಾರೆ. ನಾನೊಮ್ಮೆ ಅವರ ಜೊತೆ ಕೂತಿದ್ದೆ. ಅವರ ಕೈ ತಣ್ಣಗಾಗಿಬಿಟ್ಟಿತ್ತು. ನಿಮಗೆ ಅದು ಹಬ್ಬ, ಅವರಿಗೆ ಅದೇ ಸದ್ದು ಬೇರೆ ನೆನಪು. ಬೀಚಿನಲ್ಲಿ ಸೈನ್ಯಕ್ಕೆ ಸೇರಿಸಿಕೊಳ್ಳೋ ಮಳಿಗೆಗಳೂ ಇರ್ತಾವೆ. ಉಚಿತ ಅಂದರೆ ಯಾರೋ ಯಾತಕ್ಕೋ ದುಡ್ಡು ಹಾಕ್ತಿದ್ದಾರೆ ಅಂತಲೇ ಅರ್ಥ.

ಹೋಗಬೇಡಿ ಅಂತಿಲ್ಲ. ಇದನ್ನೂ ತಿಳಿದು ಹೋಗಿ.

ಹಳೇ ಶಿಕಾಗೊ

ನೀವು ಹೇಳಿದ್ದು ಸತ್ಯ, ಹೇಳಿದ್ದು ಒಳ್ಳೇದಾಯ್ತು. ಇದು ಶುರುವಾಗಿದ್ದು ಸೈನ್ಯಕ್ಕೋಸ್ಕರ ಅಲ್ಲ ಅನ್ನೋದನ್ನ ಮಾತ್ರ ಸೇರಿಸ್ತೀನಿ. 1959ರಲ್ಲಿ ಶಿಕಾಗೊ ಪಾರ್ಕ್ ಡಿಸ್ಟ್ರಿಕ್ಟ್‌ನವರು ಬೇಸಿಗೆ ಶಿಬಿರದ ಮಕ್ಕಳಿಗೋಸ್ಕರ ಮಾಡಿದ ಸಣ್ಣ ಕಾರ್ಯಕ್ರಮ ಅದು. ಆಗಿನ ಖರ್ಚು 88 ಡಾಲರ್ ಅಂತ ಇಲ್ಲಿ ಎಲ್ಲರೂ ಹೇಳ್ತಾರೆ. ನೀರಿನ ಭಾಗ ಈಗ ಕಡಿಮೆಯಾಗಿದೆ. ಆದರೂ ಅಗ್ನಿಶಾಮಕ ದಳದವರು ಹೆಲಿಕಾಪ್ಟರ್‌ನಿಂದ ಸರೋವರಕ್ಕೆ ಇಳಿದು ಮುಳುಗೋರನ್ನ ಎತ್ತೋದು ತೋರಿಸ್ತಾರಲ್ಲ, ನನಗೆ ಇಡೀ ಶೋನಲ್ಲಿ ತುಂಬಾ ಇಷ್ಟವಾಗೋದು ಅದೇ. ಅದಕ್ಕೆ ಚಪ್ಪಾಳೆ ಕಡಿಮೆ ಬೀಳುತ್ತೆ ಅನ್ನೋದು ನನ್ನ ಬೇಸರ.

ಮರೀನಾ ಕನ್ನಡಿಗ

ನಾನು ಚೆನ್ನೈನಿಂದ ಬರೀತಿದ್ದೀನಿ. ಶಿಕಾಗೊ ನೋಡಿಲ್ಲ, ಆದರೆ 2024ರ ಅಕ್ಟೋಬರ್ 6ರಂದು ಮರೀನಾ ಬೀಚ್‌ನಲ್ಲಿ ನಮ್ಮ ವಾಯುಪಡೆಯ 92ನೇ ವಾರ್ಷಿಕೋತ್ಸವದ ಪ್ರದರ್ಶನಕ್ಕೆ ಮನೆಯವರೆಲ್ಲ ಹೋಗಿದ್ವಿ. ಅದೂ ಉಚಿತ, ಅದೂ ನೀರಿನ ದಡ, ಅದೂ ಪೂರ್ವಕ್ಕೆ ಮುಖ. ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರ ತನಕ, ನೆತ್ತಿ ಮೇಲೆ ಬಿಸಿಲು. ಆಕಾಶದಲ್ಲಿ ನಡೆದದ್ದು ಜನ್ಮದಲ್ಲಿ ಮರೆಯೋ ಹಾಗಿಲ್ಲ. ನೆಲದಲ್ಲಿ ನಡೆದದ್ದೂ ಅಷ್ಟೇ. ಆ ದಿನ ಐದು ಜನ ತೀರಿಕೊಂಡರು, ನೂರಾರು ಜನ ಬಿಸಿಲಿಗೆ ತಲೆ ಸುತ್ತಿ ಬಿದ್ದರು.

ನಮಗೆ ಕಷ್ಟವಾದದ್ದು ನೋಡುವಾಗ ಅಲ್ಲ, ಮುಗಿದ ಮೇಲೆ. ಲಕ್ಷಾಂತರ ಜನ ಒಂದೇ ನಿಮಿಷಕ್ಕೆ ಎದ್ದು ಒಂದೇ ದಿಕ್ಕಿಗೆ ಹೊರಟರು. ನಮ್ಮ ಬಾಟಲಿ ಅಷ್ಟರಲ್ಲಿ ಖಾಲಿ. ನನ್ನ ಮಾವನವರನ್ನ ಒಂದು ಮನೆಯ ಕಾಂಪೌಂಡ್ ನೆರಳಲ್ಲಿ ಕೂರಿಸಿದ್ವಿ. ಆ ಮನೆಯಾಕೆ, ಯಾರೋ ಏನೋ, ಒಳಗಿಂದ ಚೊಂಬಿನಲ್ಲಿ ನೀರು ತಂದು ಕೊಟ್ಟರು. ಇವತ್ತಿಗೂ ಆ ಬೀದಿಯಲ್ಲಿ ಹೋದರೆ ಆ ಗೇಟಿನ ಕಡೆ ತಿರುಗಿ ನೋಡ್ತೀನಿ.

ಅದಕ್ಕೇ ಹೇಳೋದು, ಹೋಗುವಾಗ ಕುಡಿಯೋಕೆ ಎಷ್ಟು ನೀರು ಬೇಕೋ, ಬರುವಾಗಕ್ಕೂ ಅಷ್ಟೇ ಬೇರೆ ಇಟ್ಕೊಳ್ಳಿ. ಮುಗಿದ ಕೂಡಲೇ ಏಳಬೇಡಿ. ಒಂದು ಗಂಟೆ ಅಲ್ಲೇ ಕೂತಿರಿ, ಜನ ಕರಗಲಿ.

ಶಾಂಬರ್ಗ್ ಅಮ್ಮ

ಇದನ್ನ ಓದಿ ಕಣ್ಣು ತುಂಬಿತು. ಆ ಒಂದು ಗಂಟೆಗೇ ಅಂತ ಮೊಸರನ್ನ ಬೇರೆ ಡಬ್ಬಿಯಲ್ಲಿ ಇಟ್ಕೊಳ್ಳಿ. ಗಾಜಿನ ಬಾಟಲಿ ಬೇಡ, ಚೀಲ ತಪಾಸಣೆ ಇರುತ್ತೆ.

ರೆಕ್ಕೆ ಲೆಕ್ಕ

ತಂದೆಯವರಿಗೆ ಓದಿ ಹೇಳಿ ಅಂತ ಎರಡು ವಿಷಯ ಬರೀತಿದ್ದೀನಿ, ಅವರಿಗೆ ಹಿಡಿಸುತ್ತೆ.

ಬ್ಲೂ ಏಂಜೆಲ್ಸ್ ನಾಲ್ಕು ವಿಮಾನ ವಜ್ರದ ಆಕಾರದಲ್ಲಿ ಹಾರುವಾಗ ಒಂದರ ರೆಕ್ಕೆ ತುದಿಗೂ ಇನ್ನೊಂದರ ಪೈಲಟ್ ಕೂತ ಗಾಜಿಗೂ ನಡುವೆ ಅತಿ ಕಡಿಮೆ ಅಂದರೆ 18 ಇಂಚು ಅಂತರ ಇರುತ್ತೆ. ಒಂದೂವರೆ ಅಡಿ! ಮಾಮೂಲಿ ಯುದ್ಧವಿಮಾನದ ಪೈಲಟ್‌ಗಳು ಹಾಕೋ ಜಿ-ಸೂಟ್ ಇವರು ಹಾಕಲ್ಲ. ಆ ಸೂಟಿನಲ್ಲಿ ಗಾಳಿ ತುಂಬಿ ಕಾಲು ಅದುಮಿ ಹಿಡಿಯುತ್ತೆ, ರಕ್ತ ಕೆಳಗಿಳಿಯದ ಹಾಗೆ ತಡೆಯೋಕೆ. ಆದರೆ ಇವರು ಮುಂಗೈಯನ್ನ ತೊಡೆ ಮೇಲೆ ಊರಿ ವಿಮಾನ ನಡೆಸೋ ಸ್ಟಿಕ್ ಹಿಡಿದಿರ್ತಾರೆ. ಸೂಟು ಉಬ್ಬಿದರೆ ಕೈ ಅಲುಗುತ್ತೆ, ಕೈ ಅಲುಗಿದರೆ ಆ 18 ಇಂಚು ಹೋಯ್ತು. ಸ್ಟಿಕ್ ಸುಮ್ಮನೆ ಸಡಿಲವಾಗಿ ಆಡಬಾರದು ಅಂತ ಅದಕ್ಕೆ ಸ್ಪ್ರಿಂಗ್ ಬೇರೆ ಕಟ್ಟಿರ್ತಾರೆ, ಸುಮಾರು 18 ಕಿಲೋ ಎಳೆತ. ಇಡೀ ಪ್ರದರ್ಶನ ಮುಗಿಯೋ ತನಕ ಅದನ್ನ ಒಂದೇ ಕೈಯಲ್ಲಿ ತಡೆದು ಹಿಡಿದಿರಬೇಕು.

ಇನ್ನೊಂದು, ಹೊಗೆ. ಅದು ಇಂಧನ ಉರಿದ ಹೊಗೆ ಅಲ್ಲ. ಪ್ಯಾರಾಫಿನ್ ಜಾತಿಯ ಎಣ್ಣೆಯನ್ನ ಎಂಜಿನ್ ಹಿಂಭಾಗದ ಬಿಸಿಗಾಳಿಗೆ ಬಿಡ್ತಾರೆ, ಅದು ಆವಿಯಾಗಿ ಬೆಳ್ಳಗೆ ಕಾಣುತ್ತೆ. ನೋಡೋಕೆ ಚೆಂದ ಅನ್ನೋದಷ್ಟೇ ಅಲ್ಲ, ಎದುರುಬದುರು ಬರೋ ಎರಡು ವಿಮಾನಗಳು ಒಬ್ಬರನ್ನೊಬ್ಬರು ಗುರುತಿಸೋದೂ ಅದರಿಂದ ಸುಲಭ.

ಮಗನಿಗೂ ಒಂದು ಹೇಳಿ. ಒಂದು ವಿಮಾನ ಗಂಟೆಗೆ ಸುಮಾರು 1,120 ಕಿಲೋಮೀಟರ್ ವೇಗದಲ್ಲಿ, ಶಬ್ದದ ವೇಗಕ್ಕಿಂತ ಚೂರೇ ಕಡಿಮೆ, ಸದ್ದಿಲ್ಲದ ಹಾಗೆ ಬಂದುಬಿಡುತ್ತೆ. ಸದ್ದು ವಿಮಾನದ ಜೊತೆಜೊತೆಗೇ ಓಡ್ತಿರುತ್ತೆ, ಅದಕ್ಕೇ ವಿಮಾನ ಎದುರಿಗೆ ಬಂದ ಮೇಲೇ ನಮಗೆ ಕೇಳೋದು. ಸರೋವರದ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆಗ ವಿಮಾನದ ಸುತ್ತ ಬಿಳಿ ಮೋಡದ ಲಂಗ ಕಟ್ಟುತ್ತೆ. ಗಾಳಿಯ ಒತ್ತಡ ತಟ್ಟನೆ ಇಳಿದಾಗ ತೇವ ಹನಿಗಟ್ಟೋದು ಅದು. ಶಬ್ದದ ಗೋಡೆ ಒಡೆದದ್ದಲ್ಲ, ತುಂಬಾ ಜನ ಹಾಗೆ ತಪ್ಪು ತಿಳ್ಕೋತಾರೆ.

ಹಳೇ ಶಿಕಾಗೊ

ಮೋಡ ಇದ್ದರೆ ನಿರಾಸೆ ಬೇಡ ಅಂತಲೂ ಹೇಳಿ. ಆಕಾಶ ಎತ್ತರಕ್ಕೆ ತೆರೆದಿದ್ದರೆ ದೊಡ್ಡ ಲೂಪುಗಳ ಶೋ, ಮೋಡ ಇಳಿದಿದ್ದರೆ ತಗ್ಗಿನದ್ದು, ಇನ್ನೂ ಇಳಿದರೆ ಅಡ್ಡಡ್ಡ ಹಾರೋದು. ಮೂರು ತರದ್ದೂ ಅವರಿಗೆ ಅಭ್ಯಾಸ ಇರುತ್ತೆ. ತಗ್ಗಿನ ಶೋ ನನಗೇನೂ ಕಡಿಮೆ ಅನ್ನಿಸಿಲ್ಲ, ಹತ್ತಿರ ಕಾಣುತ್ತೆ.

ವಿಮಾನಪುರದ ಮಗಳು

ಹೋಗಿ ಬಂದ್ವಿ. ನಿಮಗೆಲ್ಲ ಹೇಗೆ ಹೇಳಲಿ.

ಶುಕ್ರವಾರವೇ ಹೋದ್ವಿ. ಒಂಬತ್ತೂವರೆಗೆ ಯೂನಿಯನ್ ಸ್ಟೇಷನ್, ಹತ್ತೂಕಾಲಿಗೆ ಓಲಿವ್ ಪಾರ್ಕ್. ಮಡಚೋ ಕುರ್ಚಿ ಎರಡು, ಚಾಪೆ ಒಂದು, ಚಿತ್ರಾನ್ನ, ಮೊಸರನ್ನ, ಮಜ್ಜಿಗೆ, ಮತ್ತೆ ಮರೀನಾದವರು ಹೇಳಿದ ಹಾಗೆ ಬರುವಾಗಕ್ಕೆ ಅಂತ ನಾಲ್ಕು ಬಾಟಲಿ ನೀರು ಬೇರೆ. ಮರದ ಕೆಳಗೆ ಜಾಗ ಸಿಕ್ಕಿತು. ಸರೋವರದಿಂದ ತಂಪು ಗಾಳಿ ಬರ್ತಿತ್ತು, ಅಮ್ಮ ಸೆರಗು ಹೊದ್ದುಕೊಂಡರು.

ಇಷ್ಟೆಲ್ಲ ಓದಿಯೂ ಇಯರ್ ಮಫ್ ಮನೆಯಲ್ಲೇ ಬಿಟ್ಟಿದ್ದೆ. ಬಾಗಿಲ ಹತ್ತಿರ ಇಟ್ಟದ್ದು, ಅಲ್ಲೇ ಉಳೀತು. ಗೋಲ್ಡನ್ ನೈಟ್ಸ್ ಪ್ಯಾರಾಶೂಟ್ ಇಳಿಯೋ ತನಕ ಮಗ ಕುಣೀತಿದ್ದ. ಬ್ಲೂ ಏಂಜೆಲ್ಸ್ ಬಂತು. ಮೊದಲು ಅವರ ದಪ್ಪ ವಿಮಾನ, ಫ್ಯಾಟ್ ಆಲ್ಬರ್ಟ್. "ನಾಲ್ಕು ಎಂಜಿನ್ನಿನ ಹರ್ಕ್ಯುಲಿಸ್ ಇಷ್ಟು ತಗ್ಗಲ್ಲಿ ತಿರುಗಿಸ್ತಾನಲ್ಲೇ" ಅಂತ ಅಪ್ಪ ಕುರ್ಚಿಯಿಂದ ಎದ್ದೇ ಬಿಟ್ಟರು. ಆಮೇಲೆ ಆ ನೀಲಿ ವಿಮಾನಗಳು. ಎಲ್ಲರೂ ಎಡಕ್ಕೆ ನೋಡ್ತಿದ್ದಾಗ ಬಲಗಡೆಯಿಂದ ಒಂದು ಬಂತು ನೋಡಿ, ರೆಕ್ಕೆ ಲೆಕ್ಕದವರು ಹೇಳಿದ ಹಾಗೇ, ಎದುರಿಗೆ ಬರೋ ತನಕ ಸದ್ದೇ ಇಲ್ಲ. ಮಗ ಕಿರುಚಿ ಅತ್ತುಬಿಟ್ಟ. ನಾನು ಎತ್ತಿಕೊಳ್ಳೋಕೆ ಹೋದರೆ ಅವನು ತಾತನ ಹತ್ತಿರ ಓಡಿದ. ಅಪ್ಪ ಅವನನ್ನ ತೊಡೆ ಮೇಲೆ ಕೂರಿಸಿಕೊಂಡು ಎರಡೂ ಅಂಗೈಯಲ್ಲಿ ಅವನ ಕಿವಿ ಮುಚ್ಚಿದರು.

ಊರಿಂದ ಈ ದಿನಕ್ಕೋಸ್ಕರವೇ ತಮ್ಮ ಹಳೇ ಬೈನಾಕ್ಯುಲರ್ ತಂದಿದ್ದರು. ಅದು ಕೊರಳಲ್ಲಿ ಸುಮ್ಮನೆ ನೇತಾಡ್ತಿತ್ತು. ಕೊನೇವರೆಗೂ ಕೈ ತೆಗೀಲಿಲ್ಲ. ನಾನು ಹಿಡ್ಕೋತೀನಿ ಕೊಡಿ ಅಂದರೂ ತಲೆ ಅಲ್ಲಾಡಿಸಿದರು. ನಾಲ್ಕು ವಿಮಾನ ವಜ್ರದ ಆಕಾರದಲ್ಲಿ ನಮ್ಮ ಹತ್ತಿರ ತಿರುವು ತಗೊಂಡಾಗ ಅವರ ಮೈಯೆಲ್ಲ ಅವುಗಳ ಜೊತೆ ಓರೆಯಾಯ್ತು, ಮಗನೂ ಅವರ ತೊಡೆಯ ಮೇಲೆ ಓರೆಯಾದ. ಅಮ್ಮ ಭಯ ಪಡ್ತಾರೆ ಅಂದುಕೊಂಡಿದ್ದೆ. ಅವರು ವಿಮಾನ ನೋಡಲೇ ಇಲ್ಲ, ಪೂರ್ತಿ ಹೊತ್ತು ಅಪ್ಪನ ಮುಖವನ್ನೇ ನೋಡ್ತಿದ್ದರು.

ಮುಗಿದ ಮೇಲೆ ಒಂದು ಗಂಟೆ ಅಲ್ಲೇ ಕೂತ್ವಿ. ವಿಮಾನಗಳು ದಕ್ಷಿಣಕ್ಕೆ ಹೋದವು. ಇಂಡಿಯಾನಾದ ಗ್ಯಾರಿ ವಿಮಾನ ನಿಲ್ದಾಣದಲ್ಲಿ ಇಳೀತಾವೆ ಅಂತ ಹೇಳಿದೆ. ಅಪ್ಪ ಮೊಸರನ್ನ ತಿಂತಾ ಅಂದರು: "ಅಲ್ಲಿ ಈಗ ಶುರು ಕೆಲಸ. ನಾಳೆ ಮತ್ತೆ ಹಾರಬೇಕಲ್ಲ. ಟಾರ್ಚ್ ಹಿಡ್ಕೊಂಡು ಒಂದೊಂದು ರಿವೆಟ್ಟೂ ನೋಡ್ತಾರೆ. ಪಾಪ, ಅವರಿಗೆ ಶೋ ನೋಡೋಕೂ ಸಿಗಲ್ಲ." ಯಲಹಂಕದ ಶೋಗಳಲ್ಲಿ ಕಿರಣ್‌ಗಳು ಹಾರುವಾಗ ನೀವು ನೋಡಿರಲಿಲ್ವಾ ಅಂತ ಕೇಳಿದೆ. ಇಲ್ಲವಂತೆ. ಡ್ಯೂಟಿ ಇರ್ತಿತ್ತು, ಶೆಡ್ಡಿನ ಒಳಗೆ ಸದ್ದು ಮಾತ್ರ ಕೇಳಿಸ್ತಿತ್ತಂತೆ. ಒಂಬತ್ತು ಕಿರಣ್‌ಗಳು ಒಟ್ಟಿಗೆ ಹಾರಿದ್ದನ್ನ ಕಣ್ಣಾರೆ ಅವರು ನೋಡೇ ಇಲ್ಲ. ಅಷ್ಟು ವರ್ಷ ಆ ಮನೆಯಲ್ಲಿ ಬೆಳೆದ ನನಗೆ ಇದು ಗೊತ್ತಿರಲಿಲ್ಲ.

ಲೇಕ್‌ವ್ಯೂದವರೇ, ನಿಮ್ಮ ಕೆಳಮನೆಯ ಅಜ್ಜಿ ಹೇಗಿದ್ದಾರೆ? ಮಗ ಕಿರುಚಿದಾಗ ನನಗೆ ಅವರದೇ ನೆನಪಾಯ್ತು.

ಲೇಕ್‌ವ್ಯೂ ಬಾಡಿಗೆ

ಕೇಳಿದ್ದಕ್ಕೆ ಥ್ಯಾಂಕ್ಸ್. ಈ ಸಲ ಮೂರೂ ದಿನ ಅವರನ್ನ ಅವರ ತಂಗಿ ಮನೆಗೆ ಬಿಟ್ಟು ಬಂದೆ. ಊರಿನಾಚೆ ಇದೆ, ಅಲ್ಲಿ ಸದ್ದಿಲ್ಲ. ನಿಮ್ಮ ತಂದೆಯವರ ಬಗ್ಗೆ ಓದಿದೆ. ಖುಷಿಯಾಯ್ತು, ನಿಜವಾಗಿಯೂ.

ಬೀದರ್ ಮಾಳಿಗಿ

ಅಕ್ಕಾರ, ನಿಮ್ಮ ಅಪ್ಪಾರಿಗೆ ಹೇಳ್ರಿ. ಅವರು ಕಟ್ಟಿದ್ದನ್ನ ಅವರು ನೋಡ್ಲಿಲ್ಲ, ನಾವು ದಿನಾ ನೋಡೀವಿ. ಬಾಲ ಹಿಂದ ಹೊಗಿ ಬಿಟ್ಟು ಒಂಬತ್ತೂ ಮ್ಯಾಲಕ್ಕ ಎದ್ದಾಗ ಕ್ವಾಟಿ ಗ್ವಾಡಿ ಮ್ಯಾಲ ನೆಳ್ಳ ಹಾದು ಹೋಗ್ತಿತ್ತು. ಒಂದಿನಾನೂ ನಮಗ ಬ್ಯಾಸರಾಗಿಲ್ಲ.

ವಿಮಾನಪುರದ ಮಗಳು

ಓದಿ ಹೇಳಿದೆ. ಎರಡು ಸಲ ಓದಿಸಿದರು. ಈಗ ಬೀದರ್‌ನಲ್ಲಿ ಹಾಕ್‌ಗಳು ಹಾರೋದು ಹೊರಗಿಂದ ಕಾಣುತ್ತಾ ಅಂತ ಕೇಳ್ತಿದ್ದಾರೆ. ಬೆಂಗಳೂರಿನಿಂದ ನೇರ ರೈಲು ಇದೆಯಾ ಅಂತಲೂ.

ಬೀದರ್ ಮಾಳಿಗಿ

ಯಶವಂತಪುರದಿಂದ ಐತ್ರೀ. ರಾತ್ರಿ ಹತ್ತಿದ್ರ ಮುಂಜಾನಿ ನಮ್ಮೂರು. ಸ್ಟೇಷನ್ನಿಗೆ ನಮ್ಮ ತಮ್ಮ ಬರ್ತಾನ. ಮಾಳಿಗಿಗೆ ಮೆಟ್ಲ ಹನ್ನೆರಡು ಅದಾವ, ಮಂಡಿ ನೋವಂದ್ರಿ, ಹಿಡ್ಕೊಂಡು ಹತ್ತಸ್ತೀವಿ.